ಹ್ಯಾಲೋವೀನ್ ಪಟ್ಟಿಯಿಂದ ಬಿಟ್ಟುಹೋದ ಭೂತಗಳು

ಅಕ್ಟೋಬರ್ ಅರ್ಧ ಕಳೆಯುತ್ತಿದ್ದಂತೆ ಪಟ್ಟಿಗಳು ಶುರುವಾಗುತ್ತವೆ. ‘ಈ ಹ್ಯಾಲೋವೀನ್‌ಗೆ ನೋಡಲೇಬೇಕಾದ ಹತ್ತು ಹಾರರ್ ಸಿನಿಮಾಗಳು’, ‘ಒಬ್ಬರೇ ನೋಡಬೇಡಿ’, ‘ಎದೆ ಗಟ್ಟಿಯಿದ್ದವರಿಗೆ ಮಾತ್ರ’. ತೆರೆದು ನೋಡಿದರೆ ಹೋದ ವರ್ಷದ್ದೇ ಹೆಸರುಗಳು: ‘ದಿ ಎಕ್ಸಾರ್ಸಿಸ್ಟ್’, ‘ದಿ ಶೈನಿಂಗ್’, ‘ಹ್ಯಾಲೋವೀನ್’, ‘ದಿ ಕಾಂಜೂರಿಂಗ್’ ಮತ್ತು ಅದರ ಮರಿಗಳು. ಇವೆಲ್ಲ ಕೆಟ್ಟ ಸಿನಿಮಾಗಳು ಎಂದು ನಾನು ಹೇಳುತ್ತಿಲ್ಲ. ‘ದಿ ಎಕ್ಸಾರ್ಸಿಸ್ಟ್’ ಇಂದಿಗೂ ದೊಡ್ಡ ಸಿನಿಮಾವೇ. ನನ್ನ ತಕರಾರು ಇರುವುದು ಪಟ್ಟಿ ಮಾಡುವವರ ಅಳತೆಗೋಲಿನ ಬಗ್ಗೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಎಷ್ಟು ಹೆದರಿಸುತ್ತದೆ? ಮೆಣಸಿನಕಾಯಿಯ ಖಾರ ನೋಡಿದ ಹಾಗೆ ಭಯವನ್ನು ನೋಡುತ್ತಾರೆ. ನಾಲಗೆ ಉರಿದರೆ ಒಳ್ಳೆಯದು, ಇಲ್ಲವಾದರೆ ಸಪ್ಪೆ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು. ಕನ್ನಡದಲ್ಲಿ ‘ಭೂತ’ ಎಂದರೆ ದೆವ್ವವೂ ಹೌದು, ಕಳೆದ ಕಾಲವೂ ಹೌದು. ಶಾಲೆಯಲ್ಲಿ ಭೂತಕಾಲ, ವರ್ತಮಾನಕಾಲ ಎಂದು ಬಾಯಿಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಕಿಸಕ್ಕನೆ ನಕ್ಕೇ ನಗುತ್ತಿದ್ದರು. ಅದು ಬರೀ ತಮಾಷೆಯಲ್ಲ. ಒಳ್ಳೆಯ ಹಾರರ್ ಸಿನಿಮಾದಲ್ಲಿ ಈ ಎರಡೂ ಅರ್ಥಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಮುಗಿದುಹೋಯಿತು ಎಂದು ಎಲ್ಲರೂ ಸೇರಿ ತೀರ್ಮಾನಿಸಿದ ಸಂಗತಿ ಮುಗಿದಿಲ್ಲ ಎಂದು ಹೇಳುವುದಕ್ಕೆ ಭೂತ ಬರುತ್ತದೆ. ಪ್ರತಿ ವರ್ಷದ ಪಟ್ಟಿಗಳು ಮಾಡುತ್ತಿರುವುದು ಕಳೆದ ಕಾಲವನ್ನು ಕಿತ್ತು ಬಿಸಾಕಿ ದೆವ್ವವನ್ನು ಮಾತ್ರ ಮಾರುವ ಕೆಲಸ. ಹೀಗೆ ಮಾರುವಾಗ ಹಿಂದೆ ಉಳಿದುಬಿಡುವ ಸಿನಿಮಾಗಳೇ ನೋಡಬೇಕಾದವು.

ತುಳುನಾಡಿನವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಕಾರ್ಕಳದ ಗೊಮ್ಮಟನನ್ನು ಕಡೆದ ಬೀರ ಕಲ್ಕುಡನ ಕತೆ ಪಾಡ್ದನಗಳಲ್ಲಿದೆ. ಇಂಥ ಇನ್ನೊಂದು ಮೂರ್ತಿ ಬೇರೆಲ್ಲೂ ಏಳಬಾರದೆಂದು ಅರಸ ಆ ಶಿಲ್ಪಿಯ ಕೈ ಕಾಲು ಕತ್ತರಿಸಿದ. ಅಣ್ಣನ ಸ್ಥಿತಿ ಕಂಡ ತಂಗಿ ಕಲ್ಲುರ್ಟಿ ಸುಮ್ಮನಿರಲಿಲ್ಲ. ಅಣ್ಣ ತಂಗಿ ಇಬ್ಬರೂ ಭೂತಗಳಾಗಿ ಅರಸನನ್ನು ಕಾಡಿದರು. ಇಂದಿಗೂ ಅವರಿಗೆ ಕೋಲ ನಡೆಯುತ್ತದೆ, ಜನ ಅವರ ಮುಂದೆ ನಿಂತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಇಲ್ಲಿ ಭೂತ ಎಂದರೆ ಅನ್ಯಾಯವಾಗಿ ನೊಂದವರು, ನ್ಯಾಯ ಕೇಳುವವರು, ಆಮೇಲೆ ನ್ಯಾಯ ಹೇಳುವವರೂ ಆದವರು. ಕತ್ತಲೆಯಲ್ಲಿ ‘ಬ್ಹಾ’ ಎಂದು ಕೂಗಿ ಓಡಿಹೋಗುವವರಲ್ಲ.

ಹ್ಯಾಲೋವೀನ್ ಕೂಡ ಮೂಲದಲ್ಲಿ ಕುಂಬಳಕಾಯಿ ಕೆತ್ತಿ ಫೋಟೋ ಹಾಕುವ ಹಬ್ಬವಲ್ಲ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತಿಗೆ ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಜನ ಆಚರಿಸುತ್ತಿದ್ದ ಹಬ್ಬದ ಹೆಸರು ‘ಸಾವಿನ್’. ನಮ್ಮ ಕಿವಿಗೆ ಅದು ‘ಸಾವಿನ’ ಎಂದೇ ಕೇಳಿಸುವುದು ಕಾಕತಾಳೀಯ. ಆ ರಾತ್ರಿ ಸತ್ತವರಿಗೂ ಬದುಕಿರುವವರಿಗೂ ನಡುವಿನ ಬಾಗಿಲು ತೆರೆದಿರುತ್ತದೆ ಎಂಬುದು ನಂಬಿಕೆ. ಕ್ರೈಸ್ತರ ಪಂಚಾಂಗದಲ್ಲಿ ನವೆಂಬರ್ 1 ಸಕಲ ಸಂತರ ದಿನ, ನವೆಂಬರ್ 2 ಸತ್ತವರನ್ನು ನೆನೆಯುವ ದಿನ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟು ಕಾಗೆ ಬಂದು ಮುಟ್ಟುವವರೆಗೆ ಹಸಿದು ಕಾಯುವ ನಮಗೆ ಇದರಲ್ಲಿ ಅರ್ಥವಾಗದ್ದೇನೂ ಇಲ್ಲ. ಹ್ಯಾಲೋವೀನ್ ನಮ್ಮದೋ ಅವರದೋ ಎಂಬ ಜಗಳ ನನಗೆ ಬೇಡ. ಸತ್ತವರ ಹೆಸರಿನ ರಾತ್ರಿಯಲ್ಲಿ ಸತ್ತವರ ಬಗ್ಗೆ ಏನೂ ಹೇಳದ ಸಿನಿಮಾಗಳನ್ನೇ ಯಾಕೆ ನೋಡಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಇದಕ್ಕೆ 2019ನೇ ಇಸವಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆ ವರ್ಷ ಒಂದೇ ಜನಪದ ಕತೆಯನ್ನಿಟ್ಟುಕೊಂಡು ಎರಡು ಸಿನಿಮಾಗಳು ಬಂದವು. ಲ್ಯಾಟಿನ್ ಅಮೆರಿಕದ ಮನೆಮನೆಯಲ್ಲೂ ಗೊತ್ತಿರುವ ‘ಲಾ ಯೊರೋನಾ’, ಅಂದರೆ ಅಳುವ ಹೆಂಗಸು, ತನ್ನ ಮಕ್ಕಳನ್ನು ನೀರಿನಲ್ಲಿ ಮುಳುಗಿಸಿ ಕೊಂದು ರಾತ್ರಿಯೆಲ್ಲ ಅಳುತ್ತಾ ತಿರುಗುವವಳು. ಹಾಲಿವುಡ್ ಇದನ್ನು ‘ದಿ ಕರ್ಸ್ ಆಫ್ ಲಾ ಯೊರೋನಾ’ ಎಂದು ಮಾಡಿತು. 1973ರ ಲಾಸ್ ಏಂಜಲೀಸ್, ಒಬ್ಬ ತಾಯಿ, ಎರಡು ಮಕ್ಕಳು, ಬಿಳಿ ಬಟ್ಟೆಯ ದೆವ್ವ, ಕಿರುಗುಟ್ಟುವ ಬಾಗಿಲು. ಜಗತ್ತಿನಾದ್ಯಂತ 12 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಅದೇ ವರ್ಷ ಗ್ವಾಟೆಮಾಲಾದ ಹೈರೋ ಬುಸ್ತಮಾಂತೆ ‘ಲಾ ಯೊರೋನಾ’ ಎಂಬ ಸಿನಿಮಾ ಮಾಡಿದರು. ಅದರಲ್ಲಿ ಒಬ್ಬ ಮುದಿ ಜನರಲ್ ಇದ್ದಾನೆ. ಮಾಯಾ ಬುಡಕಟ್ಟಿನವರ ನರಮೇಧ ಮಾಡಿಸಿದ ಅಪರಾಧ ಅವನ ಮೇಲೆ ಸಾಬೀತಾಗಿ, ಆಮೇಲೆ ತೀರ್ಪೇ ರದ್ದಾಗುತ್ತದೆ. ಮನೆಯ ಸುತ್ತ ಜನ ನಿಂತು ಹಗಲು ರಾತ್ರಿ ಧಿಕ್ಕಾರ ಕೂಗುತ್ತಿದ್ದಾರೆ. ಸತ್ತವರ, ಕಾಣೆಯಾದವರ ಫೋಟೋಗಳನ್ನು ಹಿಡಿದಿದ್ದಾರೆ. ಮನೆಯ ಆಳುಗಳು ಬಿಟ್ಟುಹೋಗುತ್ತಾರೆ. ಆಗ ಅಲ್ಮಾ ಎಂಬ ಹೊಸ ಕೆಲಸದ ಹುಡುಗಿ ಬರುತ್ತಾಳೆ. ರಾತ್ರಿ ಯಾರೋ ಅಳುವ ಸದ್ದು ಜನರಲ್‌ನ ಕಿವಿಗೆ ಬೀಳುತ್ತದೆ.

ಈ ಜನರಲ್ ಕಲ್ಪನೆಯಲ್ಲಿ ಹುಟ್ಟಿದವನಲ್ಲ. ಎಫ್ರಾಯಿನ್ ರಿಯೋಸ್ ಮೊಂಟ್ 1982ರ ಮಾರ್ಚ್‌ನಿಂದ 1983ರ ಆಗಸ್ಟ್‌ವರೆಗೆ ಗ್ವಾಟೆಮಾಲಾ ಆಳಿದ ಸರ್ವಾಧಿಕಾರಿ. ಇಷಿಲ್ ಮಾಯಾ ಜನರಲ್ಲಿ 1,771 ಮಂದಿಯ ಕೊಲೆಯ ಆರೋಪದ ಮೇಲೆ ವಿಚಾರಣೆ ನಡೆದು, 2013ರ ಮೇ ತಿಂಗಳಲ್ಲಿ ಅವನಿಗೆ 80 ವರ್ಷದ ಶಿಕ್ಷೆಯಾಯಿತು. ಹತ್ತೇ ದಿನಕ್ಕೆ ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪನ್ನು ರದ್ದು ಮಾಡಿತು. ಮರುವಿಚಾರಣೆ ಮುಗಿಯುವ ಮೊದಲೇ, 2018ರಲ್ಲಿ ಅವನು ಸತ್ತ. ಕೋರ್ಟಿನಲ್ಲಿ ಮುಗಿಯದ ಮೊಕದ್ದಮೆಯನ್ನು ಬುಸ್ತಮಾಂತೆ ಸಿನಿಮಾದಲ್ಲಿ ಮುಂದುವರಿಸಿದರು. ಜನಪದ ಕತೆಯಲ್ಲಿ ಮಕ್ಕಳನ್ನು ಕೊಂದವಳು ತಾಯಿ. ಇಲ್ಲಿ ಆ ಪ್ರಶ್ನೆಯನ್ನೇ ತಿರುಗಿಸಿ ಹಾಕುತ್ತಾರೆ: ಆ ಮಕ್ಕಳನ್ನು ನಿಜವಾಗಿ ಮುಳುಗಿಸಿದವರು ಯಾರು?

ಈ ಸಿನಿಮಾವನ್ನು ಒಮ್ಮೆ ಕಾಲೇಜು ಹುಡುಗರ ಜತೆ ಕೂತು ನೋಡಿದೆ. ಅರ್ಧ ಆಗುವ ಹೊತ್ತಿಗೆ ಒಬ್ಬ ಮೆಲ್ಲಗೆ ಕೇಳಿದ, ‘ಸರ್, ದೆವ್ವ ಯಾವಾಗ ಬರತ್ತೆ?’ ಅದು ಬಂದು, ಆ ಮನೆಯಲ್ಲಿ ಬಟ್ಟೆ ಮಡಚಿಡುತ್ತಾ ಆಗಲೇ ಬಹಳ ಹೊತ್ತಾಗಿತ್ತು. ಆ ಹುಡುಗನನ್ನು ನಾನು ದೂರುವುದಿಲ್ಲ. ದೆವ್ವ ಎಂದರೆ ಹೀಗೇ ಬರಬೇಕು, ಇಂಥ ಸದ್ದಿನ ಜತೆಗೇ ಬರಬೇಕು ಎಂದು ಅವನಿಗೆ ಅಭ್ಯಾಸ ಮಾಡಿಸಿದ್ದು ಪಟ್ಟಿಗಳೇ.

ಈ ಕಣ್ಣಿನಿಂದ ಹುಡುಕಿದರೆ ಹಾರರ್ ಸಿನಿಮಾದ ಚರಿತ್ರೆಯೇ ಬೇರೆಯಾಗಿ ಕಾಣುತ್ತದೆ. 1943ಕ್ಕೆ ಹೋಗಿ. ಆರ್‌ಕೆಒ ಸ್ಟುಡಿಯೋ ನಿರ್ಮಾಪಕ ವಾಲ್ ಲ್ಯೂಟನ್ ಅವರಿಗೆ ಕಡಿಮೆ ಬಜೆಟ್ ಕೊಟ್ಟು, ಸಿನಿಮಾದ ಹೆಸರನ್ನೂ ತಾನೇ ಕೊಡುತ್ತಿತ್ತು. ಹೀಗೆ ಸಿಕ್ಕಿದ ಹೆಸರು ‘ಐ ವಾಕ್ಡ್ ವಿತ್ ಎ ಝಾಂಬಿ’. ಹೆಸರು ಕೇಳಿಯೇ ಓದುಬರಹದವರು ದೂರ ಸರಿಯಬೇಕು, ಹಾಗಿದೆ. ನಿರ್ದೇಶಕ ಜಾಕ್ ಟೂರ್ನರ್. ಲ್ಯೂಟನ್ ಆ ಹೆಸರಿನ ಕೆಳಗೆ ಷಾರ್ಲೆಟ್ ಬ್ರಾಂಟೆಯ ‘ಜೇನ್ ಏರ್’ ಕಾದಂಬರಿಯ ನೆರಳನ್ನು ತಂದಿಟ್ಟರು. ಕೆನಡಾದ ಒಬ್ಬ ನರ್ಸ್ ಕೆರಿಬಿಯನ್ ದ್ವೀಪವೊಂದರ ಸಕ್ಕರೆ ತೋಟದ ಮನೆಗೆ ಬರುತ್ತಾಳೆ. ಅಲ್ಲಿ ಯಜಮಾನನ ಹೆಂಡತಿ ಜೀವವಿದ್ದೂ ಇಲ್ಲದಂತೆ ಓಡಾಡುತ್ತಿದ್ದಾಳೆ.

ಆದರೆ ಸಿನಿಮಾದ ನಿಜವಾದ ಕೇಂದ್ರ ಆ ಮನೆಯ ಅಂಗಳದಲ್ಲಿದೆ. ಬಾಣಗಳು ನೆಟ್ಟ ಸಂತನ ಮರದ ವಿಗ್ರಹವೊಂದು ಅಲ್ಲಿ ನಿಂತಿದೆ. ಗುಲಾಮರನ್ನು ಸರಪಳಿಯಲ್ಲಿ ಕಟ್ಟಿ ತಂದ ಹಡಗಿನ ಮೂತಿಯಲ್ಲಿದ್ದ ವಿಗ್ರಹ ಅದು. ನರ್ಸನ್ನು ಗಾಡಿಯಲ್ಲಿ ಕರೆತರುವ ಕಪ್ಪು ಮನುಷ್ಯ ಆ ಹಡಗಿನ ಕತೆ ಹೇಳುತ್ತಾನೆ. ಅವಳು, ಅಂತೂ ನಿಮ್ಮನ್ನು ಸುಂದರವಾದ ಜಾಗಕ್ಕೇ ಕರೆತಂದರಲ್ಲ ಎಂಬರ್ಥದ ಮಾತಾಡುತ್ತಾಳೆ. ಅವನು ಜಗಳವಾಡುವುದಿಲ್ಲ, ಮರ್ಯಾದೆಯಿಂದಲೇ ಉತ್ತರಿಸುತ್ತಾನೆ. ಆ ದ್ವೀಪದಲ್ಲಿ ಮಗು ಹುಟ್ಟಿದರೆ ಜನ ಅಳುತ್ತಾರೆ, ಸತ್ತವರನ್ನು ಹೂಳುವಾಗ ಸಂತೋಷಪಡುತ್ತಾರೆ. ಎಷ್ಟೋ ತಲೆಮಾರು ಗುಲಾಮಗಿರಿ ಕಂಡವರಿಗೆ ಹುಟ್ಟು ದುಃಖ, ಸಾವು ಬಿಡುಗಡೆ. ಎರಡನೇ ಮಹಾಯುದ್ಧದ ನಡುವೆ ಅಗ್ಗದ ಮನರಂಜನೆಗೆಂದು ಮಾಡಿದ 69 ನಿಮಿಷದ ಸಿನಿಮಾದಲ್ಲಿ ಇದೆಲ್ಲ ಇದೆ. ಜೀವಂತ ಶವ ಎಂದರೆ ಯಾರು ಎಂದು ಅದು ಕೇಳುತ್ತದೆ: ಬಿಳಿ ಗೌನಿನ ಆ ಹೆಂಗಸೋ, ತೋಟದಲ್ಲಿ ದುಡಿದು ಸತ್ತವರೋ?

ಜಪಾನಿನ ಕನೆಟೊ ಶಿಂಡೊ ಹಿರೋಶಿಮಾ ಪ್ರಾಂತ್ಯದಲ್ಲಿ ಹುಟ್ಟಿದವರು, 1952ರಲ್ಲೇ ‘ಹಿರೋಶಿಮಾದ ಮಕ್ಕಳು’ ಎಂಬ ಸಿನಿಮಾ ಮಾಡಿದವರು. ಅವರ ‘ಒನಿಬಾಬಾ’ ಆಗೀಗ ಪಟ್ಟಿಗಳಲ್ಲಿ ಕಾಣುವುದುಂಟು. 1968ರ ‘ಕುರೊನೆಕೊ’ ಕಾಣುವುದು ಕಡಿಮೆ. ಯುದ್ಧದ ಕಾಲ. ಬಿದಿರು ಮೆಳೆಯ ಪಕ್ಕದ ಗುಡಿಸಲಿಗೆ ಸೈನಿಕರು ನುಗ್ಗುತ್ತಾರೆ, ಇರುವುದನ್ನೆಲ್ಲ ತಿನ್ನುತ್ತಾರೆ, ಅತ್ತೆ ಸೊಸೆ ಇಬ್ಬರ ಮೇಲೂ ಅತ್ಯಾಚಾರ ಮಾಡಿ ಮನೆಗೆ ಬೆಂಕಿ ಹಚ್ಚಿ ಹೋಗುತ್ತಾರೆ. ಆ ಇಬ್ಬರೂ ಬೆಕ್ಕಿನ ಅಂಶದ ಭೂತಗಳಾಗಿ, ಸಮುರಾಯ್‌ಗಳ ರಕ್ತ ಕುಡಿಯುವ ಪಣ ತೊಟ್ಟು ಬರುತ್ತಾರೆ. ಇತ್ತ ಯುದ್ಧಕ್ಕೆ ಹೋಗಿದ್ದ ಮಗ ಸಮುರಾಯ್ ಆಗಿ ಮರಳುತ್ತಾನೆ. ಆ ಭೂತಗಳನ್ನು ಕೊಲ್ಲುವ ಕೆಲಸ ಅವನಿಗೇ ಬೀಳುತ್ತದೆ. ವೀರರ ಕತೆಗಳಲ್ಲಿ ಸೈನ್ಯ ಹಾದುಹೋದ ಹಳ್ಳಿಗಳ ಹೆಂಗಸರಿಗೆ ಜಾಗವಿರುವುದಿಲ್ಲ. ಶಿಂಡೊ ಆ ಜಾಗವನ್ನು ಭೂತದ ಕತೆಯಲ್ಲಿ ಮಾಡಿಕೊಟ್ಟರು. ‘ಕುರೊನೆಕೊ’ 1968ರ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಗಿತ್ತು. ಆ ವರ್ಷ ಫ್ರಾನ್ಸಿನ ಮೇ ತಿಂಗಳ ಚಳವಳಿಯಿಂದಾಗಿ ಉತ್ಸವವೇ ಅರ್ಧಕ್ಕೆ ನಿಂತಿತು.

ಮುಂದಿನದು ನನಗೆ ಹೆಚ್ಚು ಸಿಟ್ಟು ಬರಿಸುವ ಪ್ರಕರಣ. ಅಮೆರಿಕದಲ್ಲಿ ಕಪ್ಪು ನಾಯಕರ ಅಗ್ಗದ ಸಿನಿಮಾಗಳಿಗೆ ಮಾರುಕಟ್ಟೆ ಇದ್ದ ಕಾಲ. 1972ರ ‘ಬ್ಲಾಕುಲಾ’ ದುಡ್ಡು ಮಾಡಿತ್ತು. ಅಂಥದ್ದೇ ಒಂದು ರಕ್ತ ಹೀರುವ ಸಿನಿಮಾ ಮಾಡಿಕೊಡಿ ಎಂದು ನಿರ್ಮಾಪಕರು ಕಪ್ಪು ನಾಟಕಕಾರ ಬಿಲ್ ಗನ್ ಅವರನ್ನು ಕೇಳಿದರು. ಗನ್ ಮಾಡಿದ್ದು ‘ಗಾಂಜಾ ಅಂಡ್ ಹೆಸ್’ (1973). ಗಾಂಜಾ ಎಂಬುದು ಅದರ ನಾಯಕಿಯ ಹೆಸರು. ಪ್ರಾಚೀನ ಆಫ್ರಿಕಾದ ಒಂದು ಸಂಸ್ಕೃತಿಯನ್ನು ಅಧ್ಯಯನ ಮಾಡುವ ಶ್ರೀಮಂತ ವಿದ್ವಾಂಸನಿಗೆ ಅಲ್ಲಿಯದೇ ಒಂದು ಕಠಾರಿಯ ಇರಿತದಿಂದ ರಕ್ತದ ಚಟ ಹತ್ತುತ್ತದೆ. ಒಂದು ಕಡೆ ಆಫ್ರಿಕಾದ ನೆನಪು, ಇನ್ನೊಂದು ಕಡೆ ಅಮೆರಿಕದ ಚರ್ಚಿನ ಶಿಲುಬೆ, ನಡುವೆ ದೊಡ್ಡ ಬಂಗಲೆಯಲ್ಲಿ ಒಬ್ಬಂಟಿ ಮನುಷ್ಯ. ಆ ಪಾತ್ರ ಮಾಡಿದ ಡುಯೇನ್ ಜೋನ್ಸ್ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನ ನಾಯಕ. ಆ ಸಿನಿಮಾ ಎಲ್ಲ ಪಟ್ಟಿಗಳಲ್ಲೂ ಇದೆ, ಅವರ ಈ ಸಿನಿಮಾ ಇಲ್ಲ.

‘ಗಾಂಜಾ ಅಂಡ್ ಹೆಸ್’ ಕಾನ್‌ನ ವಿಮರ್ಶಕರ ವಾರದಲ್ಲಿ ಪ್ರದರ್ಶನವಾಯಿತು. ಆದರೆ ಅಮೆರಿಕದಲ್ಲಿ ನಿರ್ಮಾಪಕರು ಅದನ್ನು ಕತ್ತರಿಸಿ, ಬೇರೆ ಥರ ಜೋಡಿಸಿ, ‘ಬ್ಲಡ್ ಕಪಲ್’ ಎಂಬಂಥ ಹೆಸರುಗಳಲ್ಲಿ ಬಿಟ್ಟರು. ಗನ್ ಆ ಆವೃತ್ತಿಯಿಂದ ತಮ್ಮ ಹೆಸರನ್ನೇ ತೆಗೆಸಿದರು. ಕಪ್ಪು ಕಲಾವಿದನ ಕೆಲಸವನ್ನು ಬಿಳಿ ವಿಮರ್ಶಕರು ನೋಡುವ ಬಗೆಯನ್ನು ಟೀಕಿಸಿ ‘ನ್ಯೂಯಾರ್ಕ್ ಟೈಮ್ಸ್’ಗೆ ಪತ್ರ ಬರೆದರು. ಮೂಲ ಆವೃತ್ತಿಯ ಒಂದು ಪ್ರತಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಉಳಿದಿದ್ದರಿಂದ ಇವತ್ತು ನಮಗೆ ಅದು ನೋಡಲು ಸಿಗುತ್ತಿದೆ.

ಇಲ್ಲಿ ಒಂದು ಮಾತು ಹೇಳಬೇಕು. ‘ಕಡೆಗಣಿಸಲ್ಪಟ್ಟ ಸಿನಿಮಾಗಳು’ ಎಂದು ನಾವು ಸಲೀಸಾಗಿ ಬರೆದುಬಿಡುತ್ತೇವೆ. ಕರ್ಮಣಿ ಪ್ರಯೋಗದಲ್ಲಿ ಒಂದು ಅನುಕೂಲವಿದೆ, ಕಡೆಗಣಿಸಿದವರ ಹೆಸರು ಹೇಳಬೇಕಿಲ್ಲ. ಗನ್ ಅವರ ಸಿನಿಮಾ ತಾನಾಗಿ ಮರೆಯಾಗಲಿಲ್ಲ, ಅದನ್ನು ಕತ್ತರಿಸಿದರು. ಬುಸ್ತಮಾಂತೆಯ ಸಿನಿಮಾದ ಹೆಸರು ಹುಡುಕಿದರೆ ಹಾಲಿವುಡ್‌ನದ್ದು ಎದುರು ಬಂದು ನಿಲ್ಲುತ್ತದೆ. ಸತ್ಯಜಿತ್ ರಾಯ್ ಅವರ ಒಂದು ದೆವ್ವದ ಸಿನಿಮಾ ಇದೆ ಎಂದರೆ ಸಿನಿಮಾ ಹುಚ್ಚಿನ ಗೆಳೆಯರೇ ಹುಬ್ಬೇರಿಸುತ್ತಾರೆ. ಟ್ಯಾಗೋರ್ ಜನ್ಮಶತಮಾನೋತ್ಸವದ 1961ರಲ್ಲಿ ರಾಯ್ ‘ತೀನ್ ಕನ್ಯಾ’ ಮಾಡಿದರು, ಟ್ಯಾಗೋರರ ಮೂರು ಕತೆಗಳ ಮೂರು ಸಿನಿಮಾ. ನಡುವಿನದು ‘ಮೊನಿಹಾರಾ’. ಹೊರದೇಶಗಳಿಗೆ ಹೋದದ್ದು ‘ಟು ಡಾಟರ್ಸ್’ ಎಂಬ ಹೆಸರಿನಲ್ಲಿ ಎರಡೇ ಸಿನಿಮಾ. ಮೂವರಲ್ಲಿ ಬಿಟ್ಟುಹೋದವಳು ದೆವ್ವವಾದವಳೇ.

‘ಮೊನಿಹಾರಾ’ದಲ್ಲಿ ನದಿಯ ಘಾಟಿನ ಮೆಟ್ಟಿಲ ಮೇಲೆ ಒಬ್ಬ ಶಾಲಾ ಮೇಷ್ಟ್ರು, ಮುಸುಕು ಹೊದ್ದು ಕೂತ ಅಪರಿಚಿತನಿಗೆ ಕತೆ ಹೇಳುತ್ತಾರೆ. ಒಡವೆಯ ಹುಚ್ಚಿನ ಮಣಿಮಾಲಿಕಾ, ಅವಳನ್ನು ಅತಿಯಾಗಿ ಪ್ರೀತಿಸುವ ಗಂಡ ಫಣಿಭೂಷಣ. ವ್ಯಾಪಾರದಲ್ಲಿ ನಷ್ಟವಾದಾಗ ಗಂಡ ತನ್ನ ಒಡವೆ ಕೇಳುತ್ತಾನೆಂದು ಹೆದರಿ, ಸಂಬಂಧಿಕನೊಬ್ಬನ ಜತೆ ಒಡವೆ ಸಮೇತ ಹೊರಟವಳು ಮತ್ತೆ ಬರುವುದಿಲ್ಲ. ಬಂದರೂ ಬದುಕಿ ಬರುವುದಿಲ್ಲ. ಕತೆ ಹೇಳುವ ಮೇಷ್ಟ್ರಿಗೆ ತಪ್ಪೆಲ್ಲ ಆ ಹೆಂಗಸಿನದೇ. ಮಕ್ಕಳಿಲ್ಲದ, ಯಾರೂ ಮನಬಿಚ್ಚಿ ಮಾತಾಡದ ಆ ದೊಡ್ಡ ಮನೆಯಲ್ಲಿ ಅವಳ ಪಾಲಿಗೆ ತನ್ನದು ಎಂದಿದ್ದುದು ಆ ಒಡವೆಗಳು ಮಾತ್ರ ಎಂಬುದನ್ನು ರಾಯ್ ಅವರ ಕ್ಯಾಮೆರಾ ನೋಡುತ್ತದೆ, ಮೇಷ್ಟ್ರು ನೋಡುವುದಿಲ್ಲ. ಸತ್ತ ಹೆಂಗಸಿನ ಕತೆಯನ್ನು ಯಾರು ಹೇಳುತ್ತಾರೆ, ಯಾರು ಕೇಳುತ್ತಾರೆ ಎಂಬುದೇ ಇಲ್ಲಿನ ಭಯ. ಮುಸುಕಿನವನು ಯಾರೆಂದು ನಾನು ಹೇಳುವುದಿಲ್ಲ.

ಇನ್ನೊಂದು ಸಿನಿಮಾದ ಹೆಸರು ಹೇಳಿ ಪಟ್ಟಿ ಮುಗಿಸುತ್ತೇನೆ. ಬಾಬಕ್ ಅನ್ವರಿ ಅವರ ‘ಅಂಡರ್ ದಿ ಶ್ಯಾಡೋ’ (2016). ಇರಾನ್–ಇರಾಕ್ ಯುದ್ಧದ ಕಾಲದ ಟೆಹ್ರಾನ್. ಕ್ರಾಂತಿಯ ಸಮಯದಲ್ಲಿ ಎಡಪಂಥೀಯ ರಾಜಕಾರಣದಲ್ಲಿದ್ದಳು ಎಂಬ ಕಾರಣಕ್ಕೆ ಶಿದೆಗೆ ಮೆಡಿಕಲ್ ಓದು ಮುಂದುವರಿಸಲು ಬಿಡುವುದಿಲ್ಲ. ಡಾಕ್ಟರ್ ಗಂಡ ಯುದ್ಧಕ್ಕೆ ಹೋಗಿದ್ದಾನೆ. ಅಪಾರ್ಟ್‌ಮೆಂಟಿನ ಮೇಲೆ ಬಿದ್ದ ಕ್ಷಿಪಣಿಯ ಜತೆ ಜಿನ್ ಬಂದಿದೆ ಎಂದು ನೆರೆಯವರು ಮಾತಾಡುತ್ತಾರೆ. ಮಗಳ ಗೊಂಬೆ ಕಾಣೆಯಾಗುತ್ತದೆ. ಒಂದು ರಾತ್ರಿ ಹೆದರಿದ ಶಿದೆ ಮಗಳನ್ನು ಎತ್ತಿಕೊಂಡು ಬೀದಿಗೆ ಓಡುತ್ತಾಳೆ. ಕಾವಲಿನವರು ಅವಳನ್ನು ಹಿಡಿಯುತ್ತಾರೆ, ಕಾಪಾಡುವುದಕ್ಕಲ್ಲ, ತಲೆಯ ಮೇಲೆ ಬಟ್ಟೆಯಿಲ್ಲ ಎಂಬುದಕ್ಕೆ. ಒಳಗೆ ಜಿನ್, ಹೊರಗೆ ಸರ್ಕಾರ, ಮೇಲೆ ಕ್ಷಿಪಣಿ. ನಾನು ನೋಡಿದ ಹಾರರ್ ದೃಶ್ಯಗಳಲ್ಲಿ ಆ ಬೀದಿಯಷ್ಟು ಹೆದರಿಸಿದ್ದು ಕಡಿಮೆ, ಮತ್ತು ಅದರಲ್ಲಿ ದೆವ್ವವೇ ಇಲ್ಲ.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ಗೊತ್ತಿವೆ. ಮೊದಲನೆಯದು: ‘ನಾವು ನಾಲ್ಕು ಜನ ಸೇರಿ ಚುರುಮುರಿ ತಿನ್ನುತ್ತಾ ಕಿರುಚಾಡೋಕೆ ಸಿನಿಮಾ ಹಾಕ್ತೀವಿ, ಅದಕ್ಕೂ ಚರಿತ್ರೆಯ ಪಾಠ ಬೇಕಾ?’ ಬೇಡ. ಕಿರುಚಾಡಿ, ನಾನೂ ಕಿರುಚುತ್ತೇನೆ. ಆದರೆ ಭಯವೂ ಅನುಭವಕ್ಕೆ ತಕ್ಕ ಹಾಗೆ ಬೆಳೆಯಬೇಕಲ್ಲವೇ? ಹದಿನೈದನೇ ವಯಸ್ಸಿನಲ್ಲಿ ಕಪಾಟಿನ ಬಾಗಿಲು ತಾನಾಗಿ ತೆರೆದರೆ ಹೆದರುತ್ತಿದ್ದವರು ಇಪ್ಪತ್ತೈದರಲ್ಲೂ ಅದಕ್ಕೇ ಹೆದರಬೇಕೆಂದು ಮಾರುಕಟ್ಟೆ ಬಯಸುತ್ತದೆ. ಅಷ್ಟು ಹೊತ್ತಿಗೆ ನಮಗೆ ಬೇರೆ ಭಯಗಳು ಗೊತ್ತಿರುತ್ತವೆ. ಮನೆಯಲ್ಲಿ ಯಾರೂ ಹೆಸರೆತ್ತದ ಚಿಕ್ಕಮ್ಮ, ಊರಿನ ಕೆರೆಯ ಬಗ್ಗೆ ಹಿರಿಯರು ಅರ್ಧಕ್ಕೆ ನಿಲ್ಲಿಸುವ ಮಾತು. ಆ ಭಯಗಳಿಗೆ ಸಿನಿಮಾ ಬೇಡವೇ?

ಎರಡನೆಯ ಆಕ್ಷೇಪ ಸಾಹಿತ್ಯದವರದು. ‘ದೆವ್ವದ ಸಿನಿಮಾನಾ?’ ಎಂದು ನಗುತ್ತಾರೆ. ಇದೇ ಜನ ಟೋನಿ ಮಾರಿಸನ್ ಅವರ ‘ಬಿಲವೆಡ್’ ಕಾದಂಬರಿಯನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಗುಲಾಮಗಿರಿಗೆ ಮರಳಬಾರದೆಂದು ತಾಯಿಯೇ ಕೊಂದ ಮಗು ಭೂತವಾಗಿ ಬರುವ ಕತೆ ಅದು. ಹುವಾನ್ ರುಲ್ಫೋ ಅವರ ‘ಪೆದ್ರೊ ಪಾರಾಮೊ’ದಲ್ಲಿ ಊರಿಗೆ ಊರೇ ಸತ್ತವರದು. ಹ್ಯಾಮ್ಲೆಟ್‌ನ ಅಪ್ಪ ಕೋಟೆಯ ಮೇಲೆ ಬಂದು ನಿಲ್ಲದಿದ್ದರೆ ನಾಟಕವೇ ಇಲ್ಲ. ಪುಸ್ತಕದಲ್ಲಿ ಬಂದರೆ ರೂಪಕ, ಪರದೆಯ ಮೇಲೆ ಬಂದರೆ ಮೂಢನಂಬಿಕೆ, ಇದು ಯಾವ ನ್ಯಾಯ? ಈಚೆಗೆ ‘ಎಲಿವೇಟೆಡ್ ಹಾರರ್’ ಎಂಬ ಮಾತು ಹುಟ್ಟಿಕೊಂಡಿದೆ. ಮೊದಲು ಕೆಳಗಿತ್ತು, ಈಗ ಮೇಲೆತ್ತಿದ್ದೇವೆ ಎಂಬ ಧಾಟಿ. 1943ರಲ್ಲಿ ಕಡಿಮೆ ದುಡ್ಡಿನಲ್ಲಿ, ಬೇರೆಯವರು ಕೊಟ್ಟ ಹೆಸರಿನ ಕೆಳಗೆ ಕೆಲಸ ಮಾಡಿದ ಲ್ಯೂಟನ್ ಅವರಿಗೆ ಈ ಏಣಿ ಬೇಕಾಗಿರಲಿಲ್ಲ.

ಮೂರನೆಯದು: ‘ಇವೆಲ್ಲ ನಿಧಾನ.’ ಕೆಲವು ನಿಜಕ್ಕೂ ನಿಧಾನ. ಮುಚ್ಚಿಟ್ಟದ್ದು ಹೊರಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಇಷಿಲ್ ಹೆಂಗಸರು ಕೋರ್ಟಿನಲ್ಲಿ ನಿಂತು ತಮಗಾದದ್ದನ್ನು ಹೇಳಲು 30 ವರ್ಷ ಕಾಯಬೇಕಾಯಿತು. ಒಂದೂವರೆ ಗಂಟೆ ಕೂರುವುದು ನಮಗೆ ಅಷ್ಟೇನೂ ಕಷ್ಟವಲ್ಲ.

ಶುರು ಮಾಡುವುದಾದರೆ ‘ಐ ವಾಕ್ಡ್ ವಿತ್ ಎ ಝಾಂಬಿ’ಯಿಂದ ಮಾಡಿ, ಊಟಕ್ಕೆ ಮೊದಲೇ ಮುಗಿಯುತ್ತದೆ. ಗೆಳೆಯರೆಲ್ಲ ಸೇರಿದ್ದರೆ ‘ಅಂಡರ್ ದಿ ಶ್ಯಾಡೋ’ ಹಾಕಿ, ಕಿರುಚಾಡಲೂ ಅದರಲ್ಲಿ ಸಾಕಷ್ಟಿದೆ. ‘ಕುರೊನೆಕೊ’ ಮತ್ತು ‘ಮೊನಿಹಾರಾ’ವನ್ನು ಒಂದೇ ರಾತ್ರಿ ಒಂದರ ಹಿಂದೊಂದು ನೋಡಬಹುದು. ‘ಗಾಂಜಾ ಅಂಡ್ ಹೆಸ್’ ಹುಡುಕುವಾಗ ಎಚ್ಚರ, ಕತ್ತರಿಸಿದ ಆವೃತ್ತಿ ಬೇಡ, ಗನ್ ಅವರದ್ದೇ ಬೇಕು. 31ರ ರಾತ್ರಿಗೆ ‘ಲಾ ಯೊರೋನಾ’ ಇಟ್ಟುಕೊಳ್ಳಿ. ಹುಡುಕುವಾಗ ಬುಸ್ತಮಾಂತೆಯ ಹೆಸರನ್ನೂ ಸೇರಿಸಿ ಟೈಪ್ ಮಾಡಿ, ಇಲ್ಲವಾದರೆ ಆ ಇನ್ನೊಂದೇ ಸಿಗುತ್ತದೆ.